ಸೈಕಲ್ ಬಿಟ್ಟು ಮೂವತ್ತು ವರ್ಷ ಆಯ್ತು, ಇ-ಬೈಕ್ ಟೂರ್ ನನ್ನಿಂದ ಆಗತ್ತಾ?

ಪ್ರಶ್ನೆ: ಮುಂದಿನ ತಿಂಗಳು ಮಗಳ ಜೊತೆ ಪ್ರವಾಸ ಹೊರಟಿದ್ದೇನೆ. ನನ್ನನ್ನು ಒಂದು ಮಾತೂ ಕೇಳದೆ, ಊರು ಸುತ್ತೋದಕ್ಕೆ ಗೈಡ್ ಇರುವ 3 ಗಂಟೆಯ ಇ-ಬೈಕ್ ಟೂರ್ ಬುಕ್ ಮಾಡಿಬಿಟ್ಟಿದ್ದಾಳೆ. ನನಗೆ 52 ವರ್ಷ. ಕಾಲೇಜು ಮುಗಿದ ಮೇಲೆ ಸೈಕಲ್ ಮುಟ್ಟಿಲ್ಲ. ಒಂದು ಮೊಣಕಾಲು ಆಗಾಗ ನೋಯುತ್ತದೆ. "ಮೋಟರ್ ಇರತ್ತಮ್ಮಾ, ಸುಮ್ನೆ ಕೂತ್ರೆ ಸಾಕು" ಅಂತಾಳೆ. ನಿಜಾನಾ? ಎಲ್ಲರಿಗಿಂತ ಹಿಂದೆ ಬಿದ್ದು ಮಾನ ಹೋಗುತ್ತೇನೋ ಅಂತ ಭಯ.

ಉತ್ತರ: ಧೈರ್ಯವಾಗಿ ಹೋಗಿ. ಆದರೆ ಮಗಳ ಮಾತನ್ನು ಪೂರ್ತಿ ನಂಬಬೇಡಿ. ಸುಮ್ನೆ ಕೂತರೆ ಹೆಚ್ಚಿನ ಇ-ಬೈಕ್‌ಗಳು ಒಂದಡಿಯೂ ಮುಂದೆ ಹೋಗುವುದಿಲ್ಲ.

ಹೆಸರಿನಲ್ಲೇ ಸ್ವಲ್ಪ ಗೊಂದಲ ಇದೆ. ಕನ್ನಡದಲ್ಲಿ ನಾವು 'ಬೈಕ್' ಅಂದರೆ ಮೋಟರ್ ಬೈಕ್ ಅಂತಲೇ ಅರ್ಥ ಮಾಡಿಕೊಳ್ಳುತ್ತೇವೆ. ಇಲ್ಲಿ ಬೈಕ್ ಅಂದರೆ ಸೈಕಲ್ಲೇ. ಪೆಡಲ್, ಚೈನು, ಗೇರು ಎಲ್ಲ ಇರುತ್ತವೆ. ಜೊತೆಗೆ ಒಂದು ಬ್ಯಾಟರಿ, ಒಂದು ಸಣ್ಣ ಮೋಟರ್. ನೀವು ಪೆಡಲ್ ತುಳಿದರೆ ಮೋಟರ್ ಕೈಜೋಡಿಸುತ್ತದೆ, ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಸೈಕಲ್‌ಗೆ ಮೋಟರ್ ಕಟ್ಟುವ ಯೋಚನೆ ತುಂಬಾ ಹಳೆಯದು. ಹಿಂದಿನ ಚಕ್ರದೊಳಗೇ ಮೋಟರ್ ಕೂರಿಸಿದ ಸೈಕಲ್‌ಗೆ ಅಮೆರಿಕದಲ್ಲಿ 1895ರಲ್ಲೇ ಪೇಟೆಂಟ್ ಸಿಕ್ಕಿತ್ತು. ಆದರೆ ಕಾಲಿನ ಒತ್ತಡ ನೋಡಿಕೊಂಡು ಮೋಟರ್ ಸಹಾಯ ಮಾಡುವ ಈಗಿನ ಬಗೆಯ ಸೈಕಲ್ ಮಾರುಕಟ್ಟೆಗೆ ಬಂದದ್ದು 1993ರಲ್ಲಿ, ಜಪಾನಿನ ಯಮಾಹಾ ಕಂಪನಿಯಿಂದ. ಕೈಯಲ್ಲಿ ತಿರುಗಿಸಿದರೆ ತಾನೇ ಓಡುವ, ಥ್ರಾಟಲ್ ಇರುವ ಇ-ಬೈಕ್‌ಗಳೂ ಇವೆ. ಅಮೆರಿಕದಲ್ಲಿ ಅಂಥವು ಸಿಗಬಹುದು. ಯುರೋಪಿನ ಟೂರ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಪೆಡಲ್ ತುಳಿಯಲೇಬೇಕಾದ ಬಗೆ. ಅಲ್ಲಿನ ನಿಯಮದ ಪ್ರಕಾರ ಮೋಟರ್ 250 ವ್ಯಾಟ್ ಮೀರುವಂತಿಲ್ಲ, ಗಂಟೆಗೆ 25 ಕಿ.ಮೀ. ವೇಗ ಮುಟ್ಟಿದ ಕೂಡಲೇ ಅದರ ಸಹಾಯ ನಿಲ್ಲಬೇಕು. ಅದಕ್ಕಿಂತ ಜೋರಾಗಿ ಹೋಗಬೇಕಂದರೆ ನಿಮ್ಮ ಕಾಲೇ ಗತಿ. ಟೂರ್‌ನಲ್ಲಿ ಅಷ್ಟು ಜೋರಾಗಿ ಯಾರೂ ಹೋಗುವುದಿಲ್ಲ ಬಿಡಿ.

ನಿಮ್ಮ ಭಯವೆಲ್ಲ ಕಾಲಿನ ಶಕ್ತಿಯ ಬಗ್ಗೆ ಇದೆ. ಆ ಭಾಗವನ್ನು ಮೋಟರ್ ನೋಡಿಕೊಳ್ಳುತ್ತದೆ. ಏರು ಬಂದಾಗ, ಎದುರುಗಾಳಿ ಬೀಸಿದಾಗ, ಮೂರನೇ ಗಂಟೆಯಲ್ಲಿ ಸುಸ್ತಾದಾಗ ಹ್ಯಾಂಡಲ್ ಮೇಲಿನ ಗುಂಡಿ ಒತ್ತಿ ಸಹಾಯ ಜಾಸ್ತಿ ಮಾಡಿಕೊಂಡರಾಯಿತು. ಬ್ಯಾಟರಿ ಮುಗಿಯುತ್ತೇನೋ ಅನ್ನುವ ಚಿಂತೆಯೂ ಬೇಡ. ಸಾಮಾನ್ಯ ಇ-ಬೈಕ್ ಒಂದು ಚಾರ್ಜಿಗೆ 40 ಕಿ.ಮೀ.ಗಿಂತ ಕಡಿಮೆ ಹೋಗುವುದು ಅಪರೂಪ. ನಿಂತು ನೋಡುತ್ತಾ ಸಾಗುವ 3 ಗಂಟೆಯ ಟೂರ್ 20 ಕಿ.ಮೀ. ದಾಟಿದರೆ ಅದೇ ದೊಡ್ಡದು. ಆಮ್‌ಸ್ಟರ್‌ಡ್ಯಾಮ್‌ನಂಥ ಸಪಾಟಾದ ಊರಾದರೆ ಮೋಟರ್ ಇರುವುದೇ ಮರೆತುಹೋಗಬಹುದು. ಲಿಸ್ಬನ್, ಸ್ಯಾನ್ ಫ್ರಾನ್ಸಿಸ್ಕೋದಂಥ ಏರಿಳಿತದ ಊರಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಮೋಟರ್ ನೋಡಿಕೊಳ್ಳದ ಕೆಲಸಗಳು ಮೂರಿವೆ: ಹತ್ತಿ ಹೊರಡುವುದು, ನಿಲ್ಲಿಸುವುದು, ನಿಂತಾಗ ಗಾಡಿಯ ಭಾರ ಹಿಡಿಯುವುದು. ಮಾಮೂಲಿ ಸೈಕಲ್ 12ರಿಂದ 16 ಕೆ.ಜಿ. ಇದ್ದರೆ ಇದು 20ರಿಂದ 25 ಕೆ.ಜಿ. ತೂಗುತ್ತದೆ. ಓಡುವಾಗ ಈ ಭಾರ ಗೊತ್ತೇ ಆಗುವುದಿಲ್ಲ. ನಿಂತು ಒಂದು ಕಡೆ ವಾಲಿದಾಗ ಗೊತ್ತಾಗುತ್ತದೆ. ನಾನು ನೋಡಿದ ಮಟ್ಟಿಗೆ ಇಂಥ ಟೂರ್‌ಗಳಲ್ಲಿ ಜನ ಬೀಳುವುದು ಓಡುವಾಗ ಕಡಿಮೆ. ಫೋಟೋ ತೆಗೆಯಲು ನಿಂತಾಗ, ಇಳಿಯುವಾಗ, ಗಾಡಿ ತಿರುಗಿಸಿಕೊಳ್ಳುವಾಗ ಜಾಸ್ತಿ.

ನನ್ನದೇ ಕಥೆ ಹೇಳುತ್ತೇನೆ, ನಗಬೇಡಿ. ಮೊದಲ ಸಲ ಇಂಥ ಟೂರ್‌ಗೆ ಹೋದಾಗ ಗೈಡ್ ಹೇಳಿಕೊಟ್ಟದ್ದನ್ನು ಅರ್ಧ ಕಿವಿಯಲ್ಲಿ ಕೇಳಿದ್ದೆ. ಸೈಕಲ್ ಹೊಡೆಯೋದು ನನಗೆ ಹೇಳಿಕೊಡ್ತಾರಾ ಅನ್ನುವ ಜಂಬ. ಒಂದು ಏರು ಹತ್ತುವಾಗ ಮೋಟರ್ ಸಹಾಯದ ಮಟ್ಟವನ್ನು 4ಕ್ಕೆ ಏರಿಸಿದವನು ಇಳಿಸಲು ಮರೆತೆ. ಸಿಗ್ನಲ್‌ನಲ್ಲಿ ನಿಂತೆವು. ನನಗೆ ಹಳೇ ಅಭ್ಯಾಸ: ಸೀಟಿನ ಮೇಲೆ ಕೂರದೆ ಎಡಗಾಲನ್ನು ಪೆಡಲ್ ಮೇಲಿಟ್ಟು, ಬಲಗಾಲಲ್ಲಿ ನೆಲ ಒದ್ದು, ಓಡುತ್ತಿದ್ದ ಹಾಗೆ ಹಾರಿ ಹತ್ತೋದು. ದೀಪ ಹಸಿರಾಯಿತು. ಎಡಗಾಲಿನ ಭಾರಕ್ಕೆ ಪೆಡಲ್ ಕಾಲು ಸುತ್ತು ತಿರುಗಿತು. ಪೆಡಲ್ ತಿರುಗಿದ್ದು ಅಷ್ಟೇ ಗೊತ್ತು ಮೋಟರ್‌ಗೆ, ಸವಾರ ಇನ್ನೂ ಹತ್ತಿಲ್ಲ ಅನ್ನೋದು ಅದಕ್ಕೇನು ಗೊತ್ತು? ಕರು ಹಗ್ಗ ಬಿಚ್ಚಿಕೊಂಡಂಗೆ ಗಾಡಿ ನೆಗೆಯಿತು. ನಾನು ಒಂಟಿಗಾಲಲ್ಲಿ ಕುಂಟುತ್ತಾ ಅದರ ಹಿಂದೆ. ಮುಂದಿನವರ ಮಡ್‌ಗಾರ್ಡ್‌ಗೆ ಗುದ್ದಿ ನಿಂತಿತು. ಅವರು ಒಳ್ಳೆಯವರು, ನಕ್ಕರು. ಮಡ್‌ಗಾರ್ಡ್ ಮಾತ್ರ ಟೂರ್ ಮುಗಿಯುವವರೆಗೆ ಟಣಟಣ ಅನ್ನುತ್ತಲೇ ಇತ್ತು.

ಹೀಗಾಗುವುದಕ್ಕೆ ಕಾರಣ ಪೆಡಲ್ ಹತ್ತಿರ ಇರುವ ಸೆನ್ಸರ್. ಅದರಲ್ಲಿ ಎರಡು ಜಾತಿ. ಒಂದು, ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಅಂತ ಮಾತ್ರ ನೋಡುತ್ತದೆ. ತಿರುಗಿತು ಅಂದರೆ ನೀವು ಇಟ್ಟ ಮಟ್ಟದಲ್ಲಿ ತಳ್ಳುತ್ತದೆ. ಇಂಥದ್ದು ಅರೆಗಳಿಗೆ ತಡವಾಗಿ ಶುರುವಾಗುತ್ತದೆ, ಕೆಲವೊಮ್ಮೆ ನೀವು ನಿಲ್ಲಿಸಿದ ಮೇಲೂ ಅರೆಗಳಿಗೆ ತಳ್ಳುತ್ತದೆ. ಇನ್ನೊಂದು, ನೀವು ಎಷ್ಟು ಒತ್ತಿ ತುಳಿಯುತ್ತೀರಿ ಅಂತ ಅಳೆಯುತ್ತದೆ. ಮೆಲ್ಲಗೆ ತುಳಿದರೆ ಮೆಲ್ಲಗೆ, ಜೋರಾಗಿ ತುಳಿದರೆ ಜೋರಾಗಿ. ನಿಮಗೆ ಎರಡನೆಯದೇ ಹಿತ. ಆದರೆ ಯಾವುದು ಸಿಗುತ್ತದೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಎರಡಕ್ಕೂ ಒಂದೇ ಉಪಾಯ. ನಿಲ್ಲುವ ಮುಂಚೆ ಸಹಾಯವನ್ನು 1ಕ್ಕೆ ಇಳಿಸಿ. ಗೇರ್ ಕೂಡ ಹಗುರದ್ದಕ್ಕೆ ತನ್ನಿ, ಯಾಕಂದರೆ ಹಲವು ಸೈಕಲ್‌ಗಳಲ್ಲಿ ನಿಂತ ಮೇಲೆ ಗೇರ್ ಬದಲಾಗುವುದಿಲ್ಲ. ಹೊರಡುವಾಗ ಮೊದಲು ಸೀಟಿನ ಮೇಲೆ ಕೂರಿ. ಎರಡೂ ಬ್ರೇಕ್ ಹಿಡಿದಿರಿ. ಒಂದು ಪೆಡಲ್ ಮೇಲೆದ್ದು ಸ್ವಲ್ಪ ಮುಂದಕ್ಕೆ ಬಾಗಿರಲಿ, ಗಡಿಯಾರದ ಮುಳ್ಳು 2ರ ಹತ್ತಿರ ಇದ್ದಂತೆ. ಅದರ ಮೇಲೆ ಕಾಲಿಡಿ, ಬ್ರೇಕ್ ಬಿಡಿ, ತುಳಿಯಿರಿ. ನೆಲ ಒದ್ದು ಹಾರಿ ಹತ್ತೋ ಸಾಹಸ ಬೇಡ.

ಬ್ರೇಕ್ ವಿಷಯದಲ್ಲಿ ಇನ್ನೊಂದು ಕಿತಾಪತಿ ಇದೆ. ಬ್ರಿಟನ್, ಜಪಾನ್, ಆಸ್ಟ್ರೇಲಿಯಾಗಳಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರದ್ದು. ಅಮೆರಿಕದಲ್ಲಿ, ಯುರೋಪಿನ ಹೆಚ್ಚಿನ ದೇಶಗಳಲ್ಲಿ ಎಡಗೈಯದು ಮುಂದಿನದು. ಕೈಗೆ ಒಂದು ಅಭ್ಯಾಸ ಕೂತಿದ್ದರೆ ಗಾಬರಿಯಲ್ಲಿ ಅದೇ ಕೈ ಬಿಗಿಯಾಗುತ್ತದೆ. ಇವುಗಳ ಡಿಸ್ಕ್ ಬ್ರೇಕ್ ಎರಡು ಬೆರಳಿಗೇ ಕಚ್ಚಿ ಹಿಡಿಯುತ್ತದೆ. ಮುಂದಿನದನ್ನೇ ಗಕ್ಕನೆ ಒತ್ತಿದರೆ ಮುಗ್ಗರಿಸಬಹುದು. ಹೊರಡುವ ಮುಂಚೆ ಗಾಡಿಯನ್ನು ತಳ್ಳುತ್ತಾ ಒಂದೊಂದೇ ಬ್ರೇಕ್ ಒತ್ತಿ, ಯಾವ ಚಕ್ರ ನಿಂತಿತು ನೋಡಿ. ಅರ್ಧ ನಿಮಿಷದ ಕೆಲಸ. ಕೆಲವು ಸೈಕಲ್‌ಗಳಲ್ಲಿ ಪೆಡಲ್ ಹಿಂದಕ್ಕೆ ತುಳಿದರೂ ಬ್ರೇಕ್ ಬೀಳುತ್ತದೆ. ಅದನ್ನೂ ಕೇಳಿಕೊಳ್ಳಿ. ಇಳಿಜಾರಿನಲ್ಲಿ ಎರಡೂ ಬ್ರೇಕ್ ಮೆತ್ತಗೆ, ಬಿಟ್ಟು ಬಿಟ್ಟು ಹಿಡಿಯಿರಿ. ಗಾಡಿಯ ಭಾರ ಜಾಸ್ತಿ ಅಲ್ವಾ, ನಿಲ್ಲಲು ಸ್ವಲ್ಪ ಹೆಚ್ಚು ಜಾಗ ಬೇಕು.

ಈಗ ಮೊಣಕಾಲು. ಇಲ್ಲಿ ಒಂದು ಇಕ್ಕಟ್ಟಿದೆ. ಭಯ ಇರುವವರು ಸೀಟು ತಗ್ಗಿಸಿಕೊಳ್ಳುತ್ತಾರೆ, ಎರಡೂ ಪಾದ ನೆಲಕ್ಕೆ ಊರಿದರೆ ಧೈರ್ಯ ಬರುತ್ತದೆ ಅಂತ. ಸೀಟು ತೀರಾ ತಗ್ಗಿದ್ದರೆ ಮೊಣಕಾಲು ಪ್ರತಿ ಸುತ್ತಿಗೂ ಜಾಸ್ತಿ ಮಡಚಬೇಕು, ಚಿಪ್ಪಿನ ಹತ್ತಿರ ನೋವು ಶುರುವಾಗುತ್ತದೆ. ಸರಿಯಾದ ಎತ್ತರ ಅಂದರೆ, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ಹೆಚ್ಚುಕಡಿಮೆ ನೇರ ಆಗಬೇಕು. ಆ ಎತ್ತರದಲ್ಲಿ ಕೂತೇ ನೆಲ ಮುಟ್ಟಲು ತುದಿಗಾಲು ಬೇಕು. ನಾನಾದರೆ ಹೀಗೆ ಮಾಡುತ್ತೇನೆ: ಮೊದಲ ಅರ್ಧ ಗಂಟೆ ಸ್ವಲ್ಪ ತಗ್ಗಿಸಿಯೇ ಓಡಿಸಿ, ಕೈ ಕೂತ ಮೇಲೆ ಮೊದಲ ಸ್ಟಾಪಿನಲ್ಲಿ ಎರಡು ಬೆರಳಷ್ಟು ಏರಿಸಿಕೊಳ್ಳೋದು. ಗೈಡ್‌ಗೆ ಹೇಳಿದರೆ ನಿಮಿಷದಲ್ಲಿ ಆಗುತ್ತದೆ. ಇನ್ನು, ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯಬೇಡಿ. ಹಗುರ ಗೇರ್, ಬೇಗ ಬೇಗ ಸುತ್ತು, ಉಳಿದದ್ದು ಮೋಟರ್‌ಗೆ. ನೋವು ಈಗಾಗಲೇ ಜಾಸ್ತಿ ಇದ್ದರೆ ಮಾತ್ರ ಒಂದು ಸಲ ಡಾಕ್ಟರನ್ನು ಕೇಳಿಯೇ ಹೊರಡಿ. ಅಂದಹಾಗೆ ಮಾರನೇ ದಿನ ನೋಯುವುದು ಕಾಲಲ್ಲ, ಕೂತ ಜಾಗ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ, ಮೆತ್ತನೆ ಪ್ಯಾಂಟು ಒಂದಿಷ್ಟು ಸಹಾಯ ಮಾಡೀತು.

ಗೈಡ್ ಇರುವ ಟೂರ್ ಆದ್ದರಿಂದ ದಾರಿ ಹುಡುಕುವ ತಲೆನೋವು ಇಲ್ಲ. ಆದರೆ ಅವರ ಹಿಂದೆ ಕಣ್ಣುಮುಚ್ಚಿ ಹೋಗುವಂತಿಲ್ಲ. ಗೈಡ್ ಸಿಗ್ನಲ್ ದಾಟಿದಾಗ ಹಸಿರಿತ್ತು, ನಿಮ್ಮ ಸರದಿ ಬರುವಾಗ ಕೆಂಪಾಗಿರಬಹುದು. ನಿಂತುಬಿಡಿ. ಒಳ್ಳೆಯ ಗೈಡ್ ಆಚೆ ಬದಿಯಲ್ಲಿ ಕಾಯುತ್ತಾರೆ. ತಪ್ಪಿಹೋಗುತ್ತೇನೆ ಅಂತ ನುಗ್ಗುವುದೇ ಅಪಾಯ. ಟ್ರಾಮ್ ಓಡುವ ಊರಾದರೆ ಹಳಿಗಳ ಮೇಲೆ ಕಣ್ಣಿರಲಿ. ಹಳಿಯ ಪಕ್ಕದ ಸಂದಿಗೆ ಸೈಕಲ್ ಚಕ್ರ ಸರಿಯಾಗಿ ಇಳಿಯುತ್ತದೆ, ಇಳಿದರೆ ಹ್ಯಾಂಡಲ್ ತಿರುಗುವುದಿಲ್ಲ, ಸೀದಾ ನೆಲ. ಹಳಿಯನ್ನು ಓರೆಯಾಗಿ ದಾಟದೆ ಆದಷ್ಟು ಅಡ್ಡಲಾಗಿ ದಾಟಬೇಕು. ಮಳೆ ಬಿದ್ದಿದ್ದರೆ ಹಳಿ, ಕಲ್ಲುಹಾಸು, ರಸ್ತೆಗೆ ಬಳಿದ ಬಿಳಿ ಪಟ್ಟೆ ಎಲ್ಲವೂ ಸೋಪು ಹಚ್ಚಿದ ಹಾಗೆ ಜಾರುತ್ತವೆ. ಅಲ್ಲಿ ಬ್ರೇಕೂ ಬೇಡ, ತಿರುವೂ ಬೇಡ. ಧೈರ್ಯ ಬಾರದಿದ್ದರೆ ಇಳಿದು ತಳ್ಳಿಕೊಂಡು ಹೋಗಿ. ಹಲವು ಇ-ಬೈಕ್‌ಗಳಲ್ಲಿ ಅದಕ್ಕೂ ಒಂದು ಗುಂಡಿ ಇದೆ. ಒತ್ತಿ ಹಿಡಿದರೆ ನಡಿಗೆಯ ವೇಗದಲ್ಲಿ ಗಾಡಿ ತಾನೇ ಉರುಳುತ್ತದೆ. ಏರಿನಲ್ಲಿ ತಳ್ಳುವಾಗ ದೊಡ್ಡ ಉಪಕಾರ.

ಹೋಗುವ ಮುಂಚೆ ಏನು ಮಾಡಬೇಕು? ಯಾರದಾದರೂ ಮಾಮೂಲಿ ಸೈಕಲ್ ಇಸ್ಕೊಂಡು ಎರಡು ಮೂರು ಸಂಜೆ ಖಾಲಿ ಮೈದಾನಕ್ಕೆ ಹೋಗಿ. ದೂರ ಓಡಿಸುವುದು ಮುಖ್ಯವಲ್ಲ. ಹತ್ತಡಿ ಹೋಗಿ ನಿಲ್ಲಿ, ಮತ್ತೆ ಹೊರಡಿ. ಇದನ್ನೇ ಇಪ್ಪತ್ತು ಸಲ. ಆಮೇಲೆ ಒಂದು ಕೈ ಬಿಟ್ಟು ಪಕ್ಕಕ್ಕೆ ಚಾಚಿ, ತಿರುಗುವಾಗ ಕೈ ತೋರಿಸಬೇಕಾಗುತ್ತದೆ. ಹಿಂದೆ ತಿರುಗಿ ನೋಡಿದಾಗ ಸೈಕಲ್ ಆ ಕಡೆಗೇ ಎಳೆಯುತ್ತದೆ, ಅದನ್ನೂ ಅಭ್ಯಾಸ ಮಾಡಿ. ಇಷ್ಟು ಬಂದರೆ ಸಾಕು. ಸೈಕಲ್ ಬ್ಯಾಲೆನ್ಸೇ ಬಾರದವರಿಗೆ ಮಾತ್ರ ನಾನು ಬೇಡ ಅನ್ನುತ್ತೇನೆ. ಇಪ್ಪತ್ತೈದು ಕೆ.ಜಿ. ಗಾಡಿಯ ಮೇಲೆ, ಗೊತ್ತಿಲ್ಲದ ಊರಿನ ಟ್ರಾಫಿಕ್‌ನಲ್ಲಿ ಕಲಿಯುವ ವಿದ್ಯೆ ಅಲ್ಲ ಅದು.

ಟೂರ್‌ನವರಿಗೆ ಮೊದಲೇ ಎರಡು ಸಾಲು ಬರೆಯಿರಿ. ನಿಮ್ಮ ಎತ್ತರ ತಿಳಿಸಿ, ನಡುವಿನ ಕಂಬಿ ತಗ್ಗಾಗಿರುವ, ಕಾಲು ಎತ್ತದೆ ದಾಟಿಸಬಹುದಾದ ಗಾಡಿ ಬೇಕು ಅಂತ ಕೇಳಿ. ಗುಂಪಿನಲ್ಲಿ ಎಷ್ಟು ಜನ, ಕೊನೆಯಲ್ಲಿ ಇನ್ನೊಬ್ಬ ಗೈಡ್ ಇರುತ್ತಾರಾ ಅಂತಲೂ ಕೇಳಿ. ಹತ್ತು ಜನ ದಾಟಿದ ಗುಂಪಿಗೆ ಒಬ್ಬರೇ ಗೈಡ್ ಅಂದರೆ ನಾನು ಬೇರೆ ಟೂರ್ ಹುಡುಕುತ್ತೇನೆ. ಪ್ರವಾಸದ ವಿಮೆ ಮಾಡಿಸಿದ್ದರೆ ಅದರಲ್ಲಿ ಇ-ಬೈಕ್ ಸೇರಿದೆಯಾ ನೋಡಿಕೊಳ್ಳಿ, ಎಲ್ಲ ವಿಮೆಯಲ್ಲೂ ಸೇರಿರುವುದಿಲ್ಲ. ಉದ್ದನೆ ಸ್ಕಾರ್ಫ್, ಅಗಲ ಕಾಲಿನ ಪ್ಯಾಂಟು, ಇಳಿಬಿದ್ದ ಶೂ ಲೇಸು ಚೈನಿಗೆ ಸಿಗುವಂಥವು. ರೂಮಿನಲ್ಲೇ ಬಿಟ್ಟು ಹೋಗಿ ಅಥವಾ ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಹೆಲ್ಮೆಟ್ ಹಣೆಯ ಮೇಲೆ ಕೂರಲಿ, ಹಿಂದಕ್ಕೆ ಟೋಪಿಯ ಹಾಗೆ ಸರಿಯಬಾರದು. ಹುಬ್ಬಿನಿಂದ ಎರಡು ಬೆರಳು ಮೇಲೆ ಅದರ ಅಂಚು ಇರಬೇಕು.

ಕೊನೆಗೆ, ಹಿಂದೆ ಬೀಳುವ ಭಯ. ಹೊಸಬರು ಸಂಕೋಚದಿಂದ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾರೆ, ಯಾರಿಗೂ ತೊಂದರೆ ಬೇಡ ಅಂತ. ಅದೇ ತಪ್ಪು. ಸಾಲಿನ ಮುಂದಿನವರು ಸ್ವಲ್ಪ ನಿಧಾನ ಮಾಡಿದರೆ ಅವರ ಹಿಂದಿನವರು ಇನ್ನಷ್ಟು ನಿಧಾನ ಮಾಡುತ್ತಾರೆ, ಅವರ ಹಿಂದಿನವರು ನಿಂತೇಬಿಡುತ್ತಾರೆ. ಮುಂದಿನವರು ಹೊರಟಾಗ ಕೊನೆಯವರು ಆ ಅಂತರ ಮುಚ್ಚಲು ಜೋರಾಗಿ ತುಳಿಯಬೇಕು. ನಿಲ್ಲುವುದು, ಹೊರಡುವುದು, ಓಡಿ ಹಿಡಿಯುವುದು, ಇಡೀ ದಾರಿ ಇದೇ ಕೆಲಸ. ನಿಮಗೆ ಕಷ್ಟ ಆಗುವುದೂ ಅದೇ. ಗೈಡ್‌ನ ಬೆನ್ನಿಗೇ ಇದ್ದರೆ ವೇಗ ಒಂದೇ ಸಮ ಇರುತ್ತದೆ, ಅವರು ಯಾವ ಗೇರ್ ಹಾಕುತ್ತಾರೆ, ಹಳಿ ಹೇಗೆ ದಾಟುತ್ತಾರೆ ಎಲ್ಲ ಕಾಣುತ್ತದೆ, ನಿಮಗೆ ಕಷ್ಟ ಆದರೆ ಅವರಿಗೂ ಬೇಗ ಗೊತ್ತಾಗುತ್ತದೆ. ಹಾಗಾಗಿ ಎಲ್ಲರೂ ಸಾಲು ನಿಲ್ಲುವಾಗ ನೀವು ಗಾಡಿ ತಳ್ಳಿಕೊಂಡು ಸೀದಾ ಎರಡನೆಯವರಾಗಿ ನಿಂತುಕೊಳ್ಳಿ. ಕೇಳದೆ ಬುಕ್ ಮಾಡಿದ ಮಗಳು ಬೇಕಾದರೆ ಕೊನೆಯಲ್ಲಿ ಬರಲಿ.