ನೋಟಾಕ್ಕೆ ಹೆಚ್ಚು ಮತ ಬಿದ್ದರೆ ಮರುಚುನಾವಣೆ ನಡೆಯುತ್ತದೆಯೇ?

ಪ್ರಶ್ನೆ: ನೋಟಾಕ್ಕೆ ಎಲ್ಲ ಅಭ್ಯರ್ಥಿಗಳಿಗಿಂತ ಹೆಚ್ಚು ಮತ ಬಿದ್ದರೆ ಚುನಾವಣೆ ರದ್ದಾಗಿ ಮತ್ತೆ ನಡೆಯುತ್ತದಂತೆ. ಮೊದಲು ನಿಂತವರು ಯಾರೂ ಮತ್ತೆ ನಿಲ್ಲುವಂತಿಲ್ಲವಂತೆ. ನಿಜವೇ?

ಅಲ್ಲ. ನೋಟಾ ಎಂದರೆ ಮತಯಂತ್ರದ ಕೊನೆಯಲ್ಲಿರುವ ‘ಇವರಲ್ಲಿ ಯಾರೂ ಬೇಡ’ ಎನ್ನುವ ಗುಂಡಿ. ಲೋಕಸಭೆಗಾಗಲಿ ವಿಧಾನಸಭೆಗಾಗಲಿ ಇಂಥ ನಿಯಮವಿಲ್ಲ. ಚುನಾವಣೆ ಘೋಷಣೆಯಾದ ವಾರದೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಪಡೆದವರೇ ಮುಂದಿನ ಚುನಾವಣೆಯಲ್ಲಿ ಮತ್ತೆ ಕೇಳುತ್ತಾರೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಒಂದು ಕ್ಷೇತ್ರದಲ್ಲಿ ಒಂದು ಲಕ್ಷ ಮತ ಚಲಾವಣೆಯಾಗಿದೆ ಎಂದುಕೊಳ್ಳಿ. 99,997 ಮತ ನೋಟಾಕ್ಕೆ ಬಿತ್ತು. ಒಬ್ಬ ಅಭ್ಯರ್ಥಿಗೆ ಎರಡು, ಇನ್ನೊಬ್ಬನಿಗೆ ಒಂದು. ಗೆದ್ದವರು ಯಾರು? ಎರಡು ಮತ ಪಡೆದವನು. ಚುನಾವಣಾಧಿಕಾರಿ ಅವನಿಗೇ ಪ್ರಮಾಣಪತ್ರ ಕೊಡಬೇಕು, ಬೇರೆ ದಾರಿಯಿಲ್ಲ. ಏಕೆಂದರೆ ಅತಿ ಹೆಚ್ಚು ಸಿಂಧು ಮತ ಪಡೆದ ಅಭ್ಯರ್ಥಿಯನ್ನು ಚುನಾಯಿತನೆಂದು ಘೋಷಿಸಬೇಕು ಎನ್ನುತ್ತದೆ ನಿಯಮ. ನೋಟಾ ಅಭ್ಯರ್ಥಿಯಲ್ಲ. ಅದು ನಾಮಪತ್ರ ಸಲ್ಲಿಸಿಲ್ಲ, ಠೇವಣಿ ಕಟ್ಟಿಲ್ಲ. ಠೇವಣಿ ಉಳಿಸಿಕೊಳ್ಳಲು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕಲ್ಲ, ಆ ಲೆಕ್ಕಕ್ಕೂ ನೋಟಾ ಸೇರುವುದಿಲ್ಲ. 2013ರ ಅಕ್ಟೋಬರಿನಲ್ಲಿ, ನೋಟಾ ಇನ್ನೂ ಬಳಕೆಗೆ ಬರುವ ಮೊದಲೇ, ಚುನಾವಣಾ ಆಯೋಗ ಇದನ್ನು ಸ್ಪಷ್ಟಪಡಿಸಿತ್ತು.

ನಿಜವಾಗಿ ನಡೆದದ್ದನ್ನೇ ನೋಡಿ. 2024ರ ಲೋಕಸಭಾ ಚುನಾವಣೆಯಲ್ಲಿ ಇಂದೋರ್‌ನ ಕಾಂಗ್ರೆಸ್ ಅಭ್ಯರ್ಥಿ ಕೊನೆ ಗಳಿಗೆಯಲ್ಲಿ ನಾಮಪತ್ರ ಹಿಂದಕ್ಕೆ ಪಡೆದರು. ಪಕ್ಷ ನೋಟಾ ಒತ್ತಿ ಎಂದು ಕರೆ ಕೊಟ್ಟಿತು. 2,18,674 ಮಂದಿ ಒತ್ತಿದರು, ಬಿಜೆಪಿಯ ಶಂಕರ್ ಲಾಲ್ವಾನಿಯವರನ್ನು ಬಿಟ್ಟರೆ ಕಣದಲ್ಲಿದ್ದ ಯಾರಿಗೂ ಅಷ್ಟು ಮತ ಬೀಳಲಿಲ್ಲ. ಆದರೂ ಫಲಿತಾಂಶದ ಹಾಳೆಯಲ್ಲಿ ಎರಡನೆಯ ಸ್ಥಾನ ಸಿಕ್ಕಿದ್ದು ಒಬ್ಬ ಅಭ್ಯರ್ಥಿಗೇ ಹೊರತು ನೋಟಾಕ್ಕಲ್ಲ.

ಹಾಗಾದರೆ ಮರುಚುನಾವಣೆಯ ಮಾತು ಎಲ್ಲಿಂದ ಹುಟ್ಟಿತು? ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. 2018ರಲ್ಲಿ ಮಹಾರಾಷ್ಟ್ರ ಮತ್ತು ಹರಿಯಾಣದ ರಾಜ್ಯ ಚುನಾವಣಾ ಆಯೋಗಗಳು ತಮ್ಮ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಅಂಥ ನಿಯಮ ಮಾಡಿದವು: ನೋಟಾಕ್ಕೆ ಹೆಚ್ಚು ಮತ ಬಿದ್ದರೆ ಮರುಚುನಾವಣೆ. ರಾಜ್ಯ ಚುನಾವಣಾ ಆಯೋಗ ಬೇರೆ, ಭಾರತ ಚುನಾವಣಾ ಆಯೋಗ ಬೇರೆ. ಪಂಚಾಯಿತಿ, ಪುರಸಭೆ ಚುನಾವಣೆ ಮೊದಲನೆಯದರ ಹೊಣೆ. ವಿಧಾನಸಭೆ, ಲೋಕಸಭೆ ಎರಡನೆಯದರದು. ಒಂದರ ನಿಯಮ ಇನ್ನೊಂದಕ್ಕೆ ಅಂಟುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ! ಆಮೇಲೆ 2024ರ ಏಪ್ರಿಲ್‌ನಲ್ಲಿ, ನೋಟಾಕ್ಕೆ ಬಹುಮತ ಬಂದರೆ ಚುನಾವಣೆ ರದ್ದು ಮಾಡಬೇಕೆಂದು ಕೋರಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಭಾರತ ಚುನಾವಣಾ ಆಯೋಗಕ್ಕೆ ನೋಟಿಸ್ ಕೊಟ್ಟಿತು. ಅದು ಜನರ ಮೊಬೈಲ್‌ಗೆ ಬರುವಷ್ಟರಲ್ಲಿ ‘ಕೋರ್ಟ್ ಆದೇಶ’ ಆಗಿತ್ತು. ನೋಟಿಸ್ ಎಂದರೆ ನಿಮ್ಮ ಉತ್ತರವೇನು ಎಂದು ಕೇಳುವುದು. ಅದು ತೀರ್ಪಲ್ಲ.

‘ಹಾಗಿದ್ದರೆ ನೋಟಾ ಯಾಕೆ ಬೇಕು?’ ಎಂದು ಸಿಟ್ಟಾಗುವವರಿಗೆ ನಾನು ಕಂಡದ್ದನ್ನು ಹೇಳುತ್ತೇನೆ. ಮೇಷ್ಟರ ಕೆಲಸದಲ್ಲಿದ್ದಾಗ ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿದ್ದೆ. ನೋಟಾ ಬರುವ ಮೊದಲು, ಯಾರಿಗೂ ಮತ ಹಾಕುವುದಿಲ್ಲ ಎನ್ನುವವರಿಗೆ 49-ಒ ಎಂಬ ನಿಯಮವಷ್ಟೇ ಇತ್ತು. ಒಮ್ಮೆ ಮಧ್ಯವಯಸ್ಸಿನ ರೈತರೊಬ್ಬರು ಬೆರಳಿಗೆ ಶಾಯಿ ಹಾಕಿಸಿಕೊಂಡು, ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತಿ, ನನ್ನ ಮೇಜಿನ ಮುಂದೆ ಬಗ್ಗಿ, ‘ಸಾರ್, ಇವರಲ್ಲಿ ಯಾರಿಗೂ ಹಾಕುವ ಮನಸ್ಸಿಲ್ಲ’ ಎಂದರು. ಮೆಲ್ಲಗೇ ಹೇಳಿದ್ದರು. ಆದರೂ ಗೋಡೆಗೆ ಒರಗಿ ಕೂತಿದ್ದ ಪಕ್ಷಗಳ ಏಜೆಂಟರೆಲ್ಲ ಒಟ್ಟಿಗೇ ತಲೆ ಎತ್ತಿದರು. ನಾನು ಅವರ ಹೆಸರಿನ ಮುಂದೆ ‘ಮತ ಹಾಕಲು ನಿರಾಕರಿಸಿದ್ದಾರೆ’ ಎಂದು ಬರೆದು, ಪಕ್ಕದಲ್ಲಿ ಇನ್ನೊಂದು ಹೆಬ್ಬೆಟ್ಟು ಹಾಕಿಸಿಕೊಂಡೆ. ಅವರು ಶಾಲೆಯ ಗೇಟು ದಾಟುವ ಮೊದಲೇ ಸುದ್ದಿ ಊರು ಮುಟ್ಟಿತ್ತು.

ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರಂದು ಸರಿಪಡಿಸಿದ್ದು ಇದನ್ನು. ಮತ ಹಾಕುವವನಿಗೆ ಇರುವ ಗೋಪ್ಯತೆ, ಯಾರೂ ಬೇಡ ಎನ್ನುವವನಿಗೂ ಇರಬೇಕು ಎಂದಿತು. ಅದೇ ವರ್ಷ ದೆಹಲಿ, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸಗಢ ಮತ್ತು ಮಿಜೋರಾಂ ವಿಧಾನಸಭೆಗಳಿಗೆ ನಡೆದ ಚುನಾವಣೆಯಲ್ಲಿ ಯಂತ್ರದ ಕೊನೆಯಲ್ಲಿ ಆ ಗುಂಡಿ ಬಂತು. ಮತಪತ್ರದ ಮೇಲೆ ಅಡ್ಡಗೆರೆಗಳಿರುವ ಈಗಿನ ಚಿಹ್ನೆ ಸೇರಿದ್ದು 2015ರಲ್ಲಿ. ಬೇಡ ಎನ್ನುವ ಜನ ಹೆಚ್ಚಾದರೆ ಪಕ್ಷಗಳು ಒಳ್ಳೆಯವರನ್ನು ನಿಲ್ಲಿಸಿಯಾರು ಎಂಬ ನಿರೀಕ್ಷೆಯನ್ನೂ ನ್ಯಾಯಾಲಯ ತೀರ್ಪಿನಲ್ಲಿ ಬರೆದಿದೆ. ಜನ ಆ ನಿರೀಕ್ಷೆಯನ್ನೇ ನಿಯಮವೆಂದು ಓದಿಕೊಂಡರು. ನನ್ನ ಮಟ್ಟಿಗೆ ಆ ರೈತರಿಗೆ ಸಿಗಬೇಕಿದ್ದ ಮರೆ ಸಿಕ್ಕಿದ್ದೇ ದೊಡ್ಡದು.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಕಣದಲ್ಲಿ ಒಬ್ಬರೇ ಉಳಿದರೆ ನೋಟಾದ ಗತಿಯೇನು? ಜನತಾ ಪ್ರಾತಿನಿಧ್ಯ ಕಾಯ್ದೆಯ 53ನೆಯ ಸೆಕ್ಷನ್ ಪ್ರಕಾರ ಅವರು ಅವಿರೋಧವಾಗಿ ಆಯ್ಕೆಯಾದಂತೆ, ಮತದಾನವೇ ಇಲ್ಲ. ಇದು ತಪ್ಪೆಂದು ನಾನು ಬಲವಾಗಿ ನಂಬುತ್ತೇನೆ. ಎದುರಾಳಿ ಇಲ್ಲದಿದ್ದರೂ ಮತದಾರನಿಗೆ ಬೇಡ ಎನ್ನುವ ಹಕ್ಕು ಇರಬೇಕು, ಕೊನೇ ಪಕ್ಷ ಎಷ್ಟು ಮಂದಿ ಬೇಡವೆಂದರು ಎಂಬ ಲೆಕ್ಕ ದಾಖಲಾಗಬೇಕು. ಸೂರತ್‌ನಲ್ಲಿ 2024ರಲ್ಲಿ ಹಾಗಾಗಲಿಲ್ಲ. ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಯಿತು, ಉಳಿದವರು ಹಿಂದೆ ಸರಿದರು, ಏಪ್ರಿಲ್ 22ರಂದೇ ಬಿಜೆಪಿಯ ಮುಕೇಶ್ ದಲಾಲ್ ಗೆದ್ದರೆಂದು ಘೋಷಣೆಯಾಯಿತು. ಮೇ 7ರಂದು ಗುಜರಾತಿನ ಉಳಿದ 25 ಕ್ಷೇತ್ರಗಳ ಜನ ಸಾಲಿನಲ್ಲಿ ನಿಂತು ಮತ ಹಾಕಿದರು. ಸೂರತ್‌ನಲ್ಲಿ ನೋಟಾ ಒತ್ತಬೇಕೆಂದಿದ್ದವರಿಗೆ ಒತ್ತಲು ಯಂತ್ರವೇ ಇರಲಿಲ್ಲ.