ಪಿಸ್ತೂಲು ಜಾಮ್ ಆದರೆ ಮೊದಲು ಮ್ಯಾಗಜಿನ್ ನೋಡಿ
1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ನಡೆಸಿದ ಪರೀಕ್ಷೆಯಲ್ಲಿ, ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಪಿಸ್ತೂಲು 6000 ಗುಂಡು ಹಾರಿಸಿತು. ಒಮ್ಮೆಯೂ ಕೈಕೊಡಲಿಲ್ಲ. 1911 ಎಂದೇ ಹೆಸರಾದ ಅದೇ ಮಾದರಿಯನ್ನು ಇವತ್ತು ಎಷ್ಟೋ ಕಂಪನಿಗಳು ಮಾಡುತ್ತವೆ, ಆದರೆ ಇದು ಜಾಸ್ತಿ ಜಾಮ್ ಆಗುತ್ತೆ ಅಂತ ದೂರುವವರೂ ಬೇಕಾದಷ್ಟು ಜನ. ನನ್ನ ಪ್ರಕಾರ ತಪ್ಪು ಬಹಳ ಸಲ ಪಿಸ್ತೂಲಿನದ್ದಲ್ಲ, ತೋಟಾ ತುಂಬಿಡುವ ಡಬ್ಬಿಯಾದ ಮ್ಯಾಗಜಿನ್‌ನದ್ದು.

ಒಳಗೆ ನಡೆಯೋದು ಇಷ್ಟು. ಗುಂಡು ಹಾರಿದಾಗ ಪಿಸ್ತೂಲಿನ ಮೇಲ್ಭಾಗವಾದ ಸ್ಲೈಡ್ ಹಿಂದಕ್ಕೆ ಹೋಗಿ ಖಾಲಿ ತೋಟಾ ಹೊರಗೆಸೆಯುತ್ತದೆ. ರಿಕಾಯಿಲ್ ಸ್ಪ್ರಿಂಗ್ ಸ್ಲೈಡನ್ನು ಮತ್ತೆ ಮುಂದಕ್ಕೆ ನೂಕುತ್ತದೆ. ಬರುವ ದಾರಿಯಲ್ಲಿ ಅದು ಮ್ಯಾಗಜಿನ್‌ನ ಮೇಲಿನ ತೋಟಾವನ್ನು ತಳ್ಳುತ್ತದೆ, ತೋಟಾದ ಮೂತಿ ಫೀಡ್ ರ‍್ಯಾಂಪ್ ಎಂಬ ಇಳಿಜಾರು ಹತ್ತಿ, ನಳಿಕೆಯ (ಬ್ಯಾರಲ್) ಹಿಂತುದಿಯ ಗೂಡಾದ ಚೇಂಬರ್ ಸೇರುತ್ತದೆ, ಅಷ್ಟರಲ್ಲೇ ಅದರ ಹಿಂಬದಿಯ ಅಂಚು, ಖಾಲಿ ತೋಟಾವನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಕೆಳಗೆ ಜಾರಿ ಕೂರಬೇಕು. ಎಲ್ಲವೂ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ!

ತೋಟಾವನ್ನು ಯಾವ ಕ್ಷಣದಲ್ಲಿ ಬಿಡಬೇಕು ಅಂತ ನಿರ್ಧರಿಸೋದು ಮ್ಯಾಗಜಿನ್‌ನ ಮೇಲ್ತುದಿಯಲ್ಲಿ ಒಳಕ್ಕೆ ಬಾಗಿದ ಎರಡು ಅಂಚುಗಳು. ಸೇನೆಯ ಹಳೆ ಮ್ಯಾಗಜಿನ್‌ನಲ್ಲಿ ಇವುಗಳ ನಡುವಿನ ಸಂದು ಮುಂದಕ್ಕೆ ಹೋದಂತೆ ಅಗಲವಾಗುತ್ತದೆ, ಹಾಗಾಗಿ ತೋಟಾ ನಿಧಾನವಾಗಿ ಬಿಡುಗಡೆಯಾಗುತ್ತದೆ. ಆಮೇಲೆ ಬಂದ, ಚಪ್ಪಟೆ ಮೂತಿಯ ಗುಂಡುಗಳಿಗಾಗಿ ಮಾಡಿದ ಮ್ಯಾಗಜಿನ್‌ಗಳು ಬೇಗ, ಥಟ್ಟನೆ ಬಿಡುತ್ತವೆ. ಒಂದೆರಡು ಸಲ ಕೆಳಗೆ ಬಿದ್ದು ಈ ಅಂಚು ಬಾಗಿದರೂ ಲೆಕ್ಕ ತಪ್ಪಿತು.

ಅದಕ್ಕೇ ಮೊದಲು ಎಲ್ಲ ಮ್ಯಾಗಜಿನ್‌ಗೂ ನಂಬರ್ ಬರೆಯಿರಿ. ಜಾಮ್ ಯಾವ ನಂಬರ್‌ನಲ್ಲಿ, ಎಷ್ಟನೇ ಗುಂಡಿಗೆ ಆಯ್ತು ಅಂತ ಗುರುತು ಹಾಕಿಕೊಳ್ಳಿ. ಒಂದರಲ್ಲೇ ಪದೇಪದೇ ಆದರೆ ಅದನ್ನು ಬದಿಗಿಡಿ. ಕೊನೆಯ ಗುಂಡಿಗೆ ಮಾತ್ರ ತೊಂದರೆ ಅಂದ್ರೆ ಮ್ಯಾಗಜಿನ್ ಸ್ಪ್ರಿಂಗ್ ಸೋತಿರಬಹುದು. ತೋಟಾದ ಮೂತಿ ರ‍್ಯಾಂಪ್‌ನ ಕೆಳಗೇ ಸಿಕ್ಕಿಕೊಂಡರೂ ಅನುಮಾನ ಮ್ಯಾಗಜಿನ್ ಮೇಲೆಯೇ. ಸ್ಲೈಡ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ದೂರದಲ್ಲಿ ನಿಂತರೆ ಮಾತ್ರ ಬೇರೆ ಕಡೆ ನೋಡಬೇಕು: ಕೊಳೆಯಾದ ಚೇಂಬರ್, ಸೋತ ರಿಕಾಯಿಲ್ ಸ್ಪ್ರಿಂಗ್, ಇಲ್ಲವೇ ಜಾಸ್ತಿ ಬಿಗಿಯಾದ ಎಕ್ಸ್‌ಟ್ರಾಕ್ಟರ್. ನಿಮ್ಮ ಕೈಹಿಡಿತ ಸಡಿಲವಾಗಿದ್ದರೆ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗೋದೇ ಇಲ್ಲ, ಅದನ್ನು ಒಪ್ಪಿಕೊಳ್ಳೋದು ಸ್ವಲ್ಪ ಕಷ್ಟ ಅಲ್ವಾ!

ಗುಂಡನ್ನೂ ಬದಲಿಸಿ ನೋಡಿ. ಈ ಪಿಸ್ತೂಲು ಹುಟ್ಟಿದ್ದು 230 ಗ್ರೇನ್ (ಸುಮಾರು 15 ಗ್ರಾಂ) ತೂಕದ, ದುಂಡು ಮೂತಿಯ ಗುಂಡಿಗೆ. ಟೊಳ್ಳು ಮೂತಿಯದ್ದು ಹಳೆ ಮಾದರಿಯಲ್ಲಿ ತಡವರಿಸಿದರೆ ಆಶ್ಚರ್ಯವಿಲ್ಲ. ಒಮ್ಮೆ ಜಾಮ್ ಆದ ತೋಟಾವನ್ನು ಮತ್ತೆ ಹಾಕಬೇಡಿ. ಗುಂಡು ತೋಟಾದೊಳಕ್ಕೆ ಕುಸಿದಿದ್ದರೆ ಹಾರಿಸುವಾಗ ಒತ್ತಡ ಅಪಾಯಕಾರಿಯಾಗಿ ಏರುತ್ತದೆ.

ಇನ್ನು ಸುಮ್ನೆ ರ‍್ಯಾಂಪ್‌ಗೆ ಅರ ಹಾಕಿ ಉಜ್ಜುವ ಚಾಳಿ. ದಯವಿಟ್ಟು ಬೇಡ. ಇದರಲ್ಲಿ ರ‍್ಯಾಂಪ್ ಇರುವುದು ಪಿಸ್ತೂಲಿನ ಮೂಲ ಚೌಕಟ್ಟಾದ ಫ್ರೇಮ್‌ನಲ್ಲಿ, ಅದಕ್ಕೂ ಬ್ಯಾರಲ್‌ಗೂ ನಡುವೆ ಸುಮಾರು 0.8 ಮಿಲಿಮೀಟರ್ ಸಂದು ಇರಲೇಬೇಕು. ಕೋನ ಕೆಟ್ಟರೆ ಫ್ರೇಮೇ ಹಾಳು. ಒಳ್ಳೆಯ ಮ್ಯಾಗಜಿನ್, ದುಂಡು ಮೂತಿಯ ಗುಂಡು, ಹೊಸ ಸ್ಪ್ರಿಂಗ್ ಹಾಕಿದ ಮೇಲೂ ಜಾಮ್ ಆಗುತ್ತಿದ್ದರೆ ಬಂದೂಕು ರಿಪೇರಿಯವರ ಹತ್ತಿರ ಕೊಡಿ, ಜೊತೆಗೆ ನೀವು ಬರೆದಿಟ್ಟ ನಂಬರ್‌ಗಳನ್ನೂ ಕೊಡಿ.