ಕೋಟೆಯ ಕಥೆ ಮತ್ತು ಆಟದ ಮುನ್ಸೂಚನೆ

ಚಿತ್ರದುರ್ಗದ ಕೋಟೆಯನ್ನು ಹತ್ತುವವರಿಗೆ ಅಲ್ಲಿನ ಕಥೆಗಳು ಕಾಲಾನುಕ್ರಮದಲ್ಲಿ ಸಿಗುವುದಿಲ್ಲ. ಹಿಡಿಂಬೇಶ್ವರನ ಗುಡಿಯ ಬಳಿ ಬೆಟ್ಟದ ರಾಕ್ಷಸನನ್ನು ಭೀಮ ಕೊಂದ ಐತಿಹ್ಯ, ಕಿಂಡಿಯ ಬಳಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದ ಓಬವ್ವನ ಸಾಹಸ, ಹೀಗೆ ಒಂದೊಂದು ಕಥೆ ಒಂದೊಂದು ಬಂಡೆಗೆ ಅಂಟಿಕೊಂಡಿದ್ದು, ಅವುಗಳ ನಂಟನ್ನು ಕೇಳುಗನೇ ಕಂಡುಕೊಳ್ಳಬೇಕು. ಫ್ಯಾಂಟಸಿ ವಿಡಿಯೊ ಗೇಮ್‌ಗಳೂ ತಮ್ಮ ಪುರಾಣಗಳನ್ನು ಗೋಡೆಯ ಕೆತ್ತನೆಯಲ್ಲಿ, ಹಳೆಯ ಗ್ರಂಥದಲ್ಲಿ, ಖಡ್ಗವೊಂದರ ವಿವರಣೆಯಲ್ಲಿ ಹೀಗೆಯೇ ಚೆದುರಿಸಿಡುತ್ತವೆ. ಮುಂದೆ ಬರಲಿರುವುದರ ಸುಳಿವು ಅಲ್ಲಿ ಇದ್ದರೂ ಹೆಚ್ಚಿನ ಆಟಗಾರರು ಅದನ್ನು ಗಮನಿಸದೆ ಮುಂದೆ ಸಾಗುತ್ತಾರೆ.

ಇದು ಅವರ ಅಲಕ್ಷ್ಯವಲ್ಲ, ಮನಸ್ಸು ಕೆಲಸ ಮಾಡುವ ಬಗೆಯೇ ಹಾಗೆ ಎಂಬುದಕ್ಕೆ ಮನೋವಿಜ್ಞಾನಿಗಳಾದ ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ 1980ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸಾಕ್ಷಿ. ಕಾಕತಾಳೀಯವೆಂಬಂತೆ ಅವರು ಬಳಸಿದ್ದೂ ಕೋಟೆಯ ಕಥೆಯನ್ನೇ. ಕೋಟೆಗೆ ಹೋಗುವ ದಾರಿಗಳಲ್ಲೆಲ್ಲ ನೆಲಬಾಂಬುಗಳಿದ್ದು ದೊಡ್ಡ ಸೈನ್ಯ ಒಂದೇ ದಾರಿಯಲ್ಲಿ ಹೋದರೆ ಅವು ಸಿಡಿಯುತ್ತವೆ. ಆದ್ದರಿಂದ ಸೇನಾಪತಿ ಸೈನ್ಯವನ್ನು ಸಣ್ಣ ತುಕಡಿಗಳಾಗಿ ಒಡೆದು ಎಲ್ಲ ದಾರಿಗಳಿಂದಲೂ ಒಮ್ಮೆಗೇ ಕಳಿಸುತ್ತಾನೆ. ಇದನ್ನು ಓದಿದವರಿಗೆ ಬಳಿಕ, ಆರೋಗ್ಯವಂತ ಅಂಗಾಂಶವನ್ನು ಸುಡದೆ ಹೊಟ್ಟೆಯ ಗೆಡ್ಡೆಯನ್ನು ಕಿರಣಗಳಿಂದ ನಾಶಮಾಡುವುದು ಹೇಗೆಂದು ಕೇಳಲಾಯಿತು. ದುರ್ಬಲ ಕಿರಣಗಳನ್ನು ಹಲವು ದಿಕ್ಕುಗಳಿಂದ ಒಂದೇ ಬಿಂದುವಿಗೆ ಹಾಯಿಸುವುದೇ ಪರಿಹಾರ. ಕಥೆಯನ್ನು ಓದದವರಲ್ಲಿ ಇದು ಹೊಳೆದದ್ದು ಸುಮಾರು ಶೇ. 10 ಮಂದಿಗೆ. ಓದಿಯೂ ಸೂಚನೆ ಪಡೆಯದವರಲ್ಲಿ ಆ ಪ್ರಮಾಣ ಶೇ. 30ರ ಆಸುಪಾಸಿನಲ್ಲಿತ್ತು, ಕಥೆಯನ್ನು ಬಳಸಿ ನೋಡಿ ಎಂದಾಗ ಮಾತ್ರ ಶೇ. 75ರಷ್ಟಕ್ಕೆ ಏರಿತು. ಹೊರಗಿನ ವೇಷ ಬದಲಾದರೆ ಒಳಗಿನ ರಚನೆಯ ಸಾಮ್ಯ ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ಒಂದರ ಬದಲು ಒಂದೇ ರಚನೆಯ ಎರಡು ಕಥೆಗಳನ್ನು ಹೋಲಿಸಿ ನೋಡಿದವರು ಅದನ್ನು ಹೆಚ್ಚು ಸುಲಭವಾಗಿ ಗ್ರಹಿಸುತ್ತಾರೆಂದು ಇದೇ ಸಂಶೋಧಕರು 1983ರಲ್ಲಿ ತೋರಿಸಿದರು.

ಆಟದ ವಿನ್ಯಾಸಕರಿಗೆ ಈ ಎರಡನೆಯ ಫಲಿತಾಂಶವೇ ಹೆಚ್ಚು ಉಪಯುಕ್ತ ಎಂದು ನನ್ನ ಎಣಿಕೆ. ಬೆಟ್ಟಕ್ಕೆ ಹೊರಗಿನಿಂದ ಬಂದವನು ಗೆದ್ದ ಕಥೆ ಹಿಡಿಂಬನದು, ಬಂದವರು ಸೋತದ್ದು ಓಬವ್ವನದು; ಎರಡನ್ನೂ ಕೇಳಿ ಬೆಳೆದ ದುರ್ಗದ ಮಗುವಿಗೆ 'ನುಗ್ಗುವವರು ಮತ್ತು ಕಾಯುವವರು' ಎಂಬ ಚೌಕಟ್ಟನ್ನು ಯಾರೂ ವಿವರಿಸಬೇಕಿಲ್ಲ.

ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2011ರಲ್ಲಿ ಹೊರತಂದ 'ಡಾರ್ಕ್ ಸೋಲ್ಸ್' ಆಟ ಸುಳಿವುಗಳನ್ನು ಚೆದುರಿಸಿಡುವ ತಂತ್ರವನ್ನು ನಿರ್ದಾಕ್ಷಿಣ್ಯವಾಗಿ ಬಳಸುತ್ತದೆ. ಆದಿಯ ಬೆಂಕಿಯಿಂದ ಶಕ್ತಿ ಪಡೆದ ಒಡೆಯರನ್ನು ಅದರ ಆರಂಭದ ನಿರೂಪಣೆ ವೈಭವದಿಂದ ಪರಿಚಯಿಸಿ, ಎಲ್ಲರೂ ಮರೆತುಬಿಡುವ ಕುಬ್ಜನೊಬ್ಬನನ್ನು ಮಾತ್ರ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತದೆ. ಆಟಗಾರ ಅವನನ್ನು ಮರೆಯುತ್ತಾನೆ. ಮುಂದೆ 'ಮಾನವತೆ' ಎಂಬ ವಸ್ತು ಕೈಗೆ ಸಿಗುವಾಗ ಅದು ಕಪ್ಪು ಆಕೃತಿಯಾಗಿ ಕಾಣುತ್ತದೆ. ಬೆಂಕಿಯನ್ನು ಉಳಿಸುವುದೇ ಧರ್ಮವೆಂದು ನಂಬಿಸುವ ಕಥೆಯಲ್ಲಿ ಮನುಷ್ಯನ ಸಾರ ಕತ್ತಲೆಯ ಬಣ್ಣದ್ದೇಕೆ ಎಂಬ ಪ್ರಶ್ನೆ ಅಲ್ಲಿಯೇ ಏಳಬೇಕಿತ್ತು. ಆ ಕುಬ್ಜನೇ ಮನುಷ್ಯರ ಪೂರ್ವಜ, ಅವನು ಪಡೆದದ್ದು ಕತ್ತಲೆಯ ಆತ್ಮ ಎಂದು ಕಾತ್ ಎಂಬ ಸರ್ಪ ಕೊನೆಗೆ ಬಾಯಿಬಿಟ್ಟು ಹೇಳುತ್ತದೆ. ಪ್ರಯೋಗದಲ್ಲಿ ಸಂಶೋಧಕರು ಕೊಟ್ಟ ಸೂಚನೆಯ ಸ್ಥಾನದಲ್ಲಿ ಇಲ್ಲಿ ಈ ಸರ್ಪವಿದೆ. ಆದರೆ ಅದು ಎದುರಾಗುವುದು ಆಟಗಾರ ಒಂದು ನಿರ್ದಿಷ್ಟ ಕ್ರಮದಲ್ಲಿ ಆಡಿದಾಗ ಮಾತ್ರ. ಇನ್ನೊಂದು ಸರ್ಪದ ಮಾತನ್ನು ಕೇಳಿ ನಡೆದವನು ತಾನು ಯಾರ ಸಂತತಿ ಎಂಬುದನ್ನು ಕಾತ್‌ನ ಬಾಯಿಂದ ಕೇಳದೆಯೇ ಬೆಂಕಿ ಹೊತ್ತಿಸಿ ಆಟ ಮುಗಿಸಬಹುದು.